ಹನ್ನೆರಡು ಕಾವುಪೆಟ್ಟಿಗೆಗಳು ಮತ್ತು ಭಾವನ ಕಾಲ್ಗುಣ

ಬಾಗಿಲಿಗೆ ಬೀಗ ಹಾಕಿದ ಮೇಲೆ ಒಂದು ಸಲ ಎಳೆದು ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸ್ಸು ಬಂದು, ಬೀಗ ತೆಗೆದು, ಆಗಲೇ ಹಾಕಿದ್ದು ಸರಿಯಾಗಿಯೇ ಹಾಕಿದ್ದೆನೇ ಎಂದು ತಿಳಿಯಲು ಮತ್ತೆ ಹಾಕಿ ನೋಡುವವರು ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ಭಾವ ಒಬ್ಬರೇ. ನಮ್ಮಕ್ಕ ಇದನ್ನು ಕಾಯಿಲೆ ಎನ್ನುತ್ತಾಳೆ. ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಇಷ್ಟು ಜವಾಬ್ದಾರಿಯಿಂದ ಬದುಕುವ ಮನುಷ್ಯನನ್ನು ಹತ್ತಿರದಿಂದ ನೋಡುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ. ಬಸ್ಸು ತಪ್ಪುತ್ತದೆ, ಅದು ಬೇರೆ ಮಾತು.

ಭಾವ ಎಲೆಕ್ಟ್ರಿಷಿಯನ್. ನಾವಿಬ್ಬರೂ ದುಡಿಯುವುದು ಒಂದೇ ಹ್ಯಾಚರಿಯಲ್ಲಿ. ಕೋಳಿಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು, ಮರಿ ಮಾಡಿ, ಮಾರುವ ಜಾಗ ಅದು. ಉದ್ದನೆಯ ಹಾಲಿನಲ್ಲಿ ಬೀರುವಿನಷ್ಟು ಎತ್ತರದ ಹನ್ನೆರಡು ಕಾವುಪೆಟ್ಟಿಗೆಗಳು. ಹಾಲಿನ ಒಂದು ತುದಿಗೆ ಆಫೀಸು, ಇನ್ನೊಂದು ತುದಿಗೆ ಉಗ್ರಾಣ. ನಾನು ಮರಿಗಳನ್ನು ರಟ್ಟಿನ ಡಬ್ಬಗಳಿಗೆ ತುಂಬುವ ವಿಭಾಗದವನು. ನನ್ನ ಕೆಲಸ ಖಾಯಂ. ಭಾವನದು ಇನ್ನೂ ಆಗಿರಲಿಲ್ಲ. ಮಗಳನ್ನು ಕಾಲೇಜಿಗೆ ಸೇರಿಸುವ ವರ್ಷ ಅದು. ಮನೆಯಲ್ಲಿ ಯಾವ ಮಾತು ಎಲ್ಲಿಂದ ಹೊರಟರೂ ಕೊನೆಗೆ ‘ಖಾಯಂ ಯಾವಾಗ’ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು.

ಆಗ ಯಜಮಾನಿ ಮೇಡಂ ಭಾವನನ್ನು ಕರೆದರು. ಹನ್ನೆರಡು ಪೆಟ್ಟಿಗೆಗಳ ಬಿಸಿ ಎಷ್ಟೆಂದು ಆಫೀಸಿನಲ್ಲೇ ಕೂತು ಒಂದು ಪರದೆಯ ಮೇಲೆ ನೋಡುವಂತಾಗಬೇಕು. ದೊಡ್ಡ ಗಿರಾಕಿಯೊಬ್ಬರು ಅದನ್ನು ನೋಡದೆ ಮರಿ ಕೊಳ್ಳುವುದಿಲ್ಲವಂತೆ.

“ನೀವು ಸಂಜೆ ಕ್ಲಾಸಿಗೆ ಹೋಗಿ ಇದನ್ನೇ ಕಲ್ತಿದೀರಲ್ಲ? ನೀವೇ ಮಾಡಿ. ಅವರು ಬಂದು ನೋಡಿ ಒಪ್ಪಿದ ದಿನ ನಿಮ್ಮ ಕೆಲಸ ಖಾಯಂ.”

ಆ ಸಂಜೆ ಕ್ಲಾಸಿಗೆ ನಾನೂ ಹೋಗಿದ್ದೆ. ಹಾಗಾಗಿ ವಿಷಯವನ್ನು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಎಲ್ಲ ಪೆಟ್ಟಿಗೆಗಳನ್ನೂ ಪೋಣಿಸಿಕೊಂಡು ಹೋಗುವುದು ಹೆಣೆದ ಎರಡೇ ಎರಡು ತಂತಿ. ಆಫೀಸಿನಲ್ಲಿರುವ ಯಂತ್ರಕ್ಕೆ ಮಾಸ್ಟರ್ ಎಂದು ಹೆಸರು, ಪೆಟ್ಟಿಗೆಗಳಿಗೆ ಸ್ಲೇವ್ ಎಂದು. ಮಾಸ್ಟರ್ ಒಂದೊಂದನ್ನೇ ನಂಬರು ಹಿಡಿದು ಕೇಳುತ್ತದೆ: “ಒಂದನೇ ಪೆಟ್ಟಿಗೆ, ಬಿಸಿ ಎಷ್ಟು?” ಒಂದನೆಯದು ಉತ್ತರ ಕೊಡುತ್ತದೆ, ಮಿಕ್ಕವು ತೆಪ್ಪಗಿರುತ್ತವೆ. ಆಮೇಲೆ ಎರಡನೆಯದು, ಮೂರನೆಯದು. ನಮ್ಮ ಮೇಷ್ಟರು ಮೇಜು ಕುಟ್ಟಿ ಹೇಳಿದ್ದರು: “ಕೇಳದೆ ಯಾರೂ ಮಾತಾಡೋ ಹಾಗಿಲ್ಲ. ಒಬ್ಬರನ್ನ ಕೇಳಿದ್ದಕ್ಕೆ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಒಂದು ಲೈನಿಗೆ ಒಬ್ಬನೇ ಮಾಸ್ಟರ್.” ಹಿಂದಿನ ಬೆಂಚಿನ ಲಾರಿ ಮೆಕ್ಯಾನಿಕ್ಕು, “ಅಂಥ ಮನೆ ಎಲ್ಲಾದ್ರೂ ಇದ್ರೆ ಹೇಳಿ ಸಾರ್, ನಾನು ಬಾಡಿಗೆಗೆ ಹೋಗ್ತೀನಿ” ಎಂದಿದ್ದ. ಭಾವ ಮಾತ್ರ ನಗದೆ ಬರೆದುಕೊಂಡಿದ್ದರು.

ಭಾವ ಕೆಲಸ ಮಾಡಿದ ರೀತಿ ನೋಡಬೇಕಿತ್ತು! ಒಂದೊಂದು ಪೆಟ್ಟಿಗೆಗೂ ನಂಬರು ಕೊಟ್ಟರು. ಕೊಟ್ಟ ನಂಬರು ಅದಕ್ಕೆ ನೆನಪಿದೆಯೇ ಎಂದು ಕರೆಂಟು ತೆಗೆದು, ಹಾಕಿ, ನೋಡಿದರು. ಎಲ್ಲವೂ ಒಂದೇ ವೇಗದಲ್ಲಿ ಮಾತಾಡುವಂತೆ ಮಾಡಿದರು. ತಂತಿ ಅದಲುಬದಲಾಗಿಲ್ಲವೆಂದು ಮೀಟರಿನಿಂದ ನೋಡಿದರು, ಬಣ್ಣದಿಂದ ನೋಡಿದರು, ಆಮೇಲೆ ನನ್ನನ್ನು ಕರೆದು ನನ್ನ ಕಣ್ಣಿನಿಂದಲೂ ನೋಡಿಸಿದರು. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಹನ್ನೆರಡು ಅಂಕಿಗಳು ಹಸಿರಾಗಿ ಹೊಳೆದವು. ಮೊದಲ ಸಲಕ್ಕೇ.

“ಶಭಾಷ್!” ಎಂದರು ಮೇಡಂ. ಅಕೌಂಟೆಂಟರು ಚಪ್ಪಾಳೆ ತಟ್ಟಿದರು.

ಬೇರೆಯವರಾಗಿದ್ದರೆ ಕೈಮುಗಿದು ಹೊರಟುಬಿಡುತ್ತಿದ್ದರು. ನಮ್ಮ ಭಾವನಿಗೆ ಹೊಗಳಿಕೆಯ ಅಭ್ಯಾಸವಿಲ್ಲ. ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದವರಂತೆ ತಲೆ ಗಿರ್ರೆಂದಿರಬೇಕು. “ಮೇಡಂ, ಈ ಲೈನು ಜನ್ಮದಲ್ಲಿ ಮಾತು ತಪ್ಪಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ ನೋಡಿ” ಎಂದುಬಿಟ್ಟರು.

“ನಂಗ್ಯಾಕೆ ಪರೀಕ್ಷೆ? ನೀವು ಹೇಳಿದ್ಮೇಲೆ ಮುಗೀತು” ಎಂದರು ಮೇಡಂ.

ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ಆಡಿದ ಮಾತು ಭಾವನ ಬೆನ್ನು ಹತ್ತಿತು. ಅಂದು ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, “ಅಲ್ಲ ಕಣೋ, ಮೊದಲನೇ ಸಲಕ್ಕೇ ಸರಿಹೋದದ್ದು ನಿಜವಾಗ್ಲೂ ಸರಿ ಇರುತ್ತಾ?” ಎಂದರು.

“ಇರಬಾರದು ಅಂತೇನಿಲ್ಲ ಭಾವ.”

“ಇರಲೇಬೇಕು ಅಂತಲೂ ಇಲ್ವಲ್ಲ.”

ಮರುದಿನ ಭಾವ ಮನೆಯಿಂದ ತಮ್ಮ ಹಳೆಯ ಲ್ಯಾಪ್‌ಟಾಪನ್ನು ತಂದು, ಉಗ್ರಾಣದ ಮೂಲೆಯಲ್ಲಿಟ್ಟು, ಲೈನಿನ ತುದಿಗೆ ಸಿಕ್ಕಿಸಿದರು. ಮಾಸ್ಟರ್ ಪೆಟ್ಟಿಗೆಗಳನ್ನು ಸರಿಯಾಗಿ ವಿಚಾರಿಸುತ್ತಿದೆಯೇ ಎಂದು ತಿಳಿಯಲು ಆ ಲ್ಯಾಪ್‌ಟಾಪ್ ಕೂಡ ಪೆಟ್ಟಿಗೆಗಳನ್ನು ಒಂದೊಂದಾಗಿ ವಿಚಾರಿಸತೊಡಗಿತು.

ಓದುಗರು ಜಾಣರು, ಆಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ಒಂದು ಲೈನಿಗೆ ಇಬ್ಬರು ಮಾಸ್ಟರ್! ಇಬ್ಬರೂ ಒಟ್ಟಿಗೆ ಕೇಳಿದರೆ ಪೆಟ್ಟಿಗೆಗಳಿಗೆ ಯಾವ ಪ್ರಶ್ನೆಯೂ ನೆಟ್ಟಗೆ ಮುಟ್ಟುವುದಿಲ್ಲ. ಸಂಜೆ ಕ್ಲಾಸಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಭಾವ ಪೂರ್ತಿ ಅಂಕ ತೆಗೆದಿದ್ದರು. ಆದರೂ ಹೊಳೆಯಲಿಲ್ಲ. ಯಾಕೆಂದರೆ ಮಾಸ್ಟರ್ ಎಂದರೆ ಆಫೀಸಿನಲ್ಲಿರುವುದು. ಉಗ್ರಾಣದ ಮೂಲೆಯಲ್ಲಿ ಹರಿದ ಚೀಲದ ಮೇಲೆ ಕೂತಿರುವ, ಕೀಲು ಸಡಿಲವಾದ, ತಮ್ಮದೇ ಆದ ಒಂದು ವಸ್ತು ಯಾರಿಗಾದರೂ ಯಜಮಾನನಾಗಬಹುದೆಂದು ಭಾವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. ಇಂಥ ತಪ್ಪು ಮಾಡಲಿಕ್ಕೂ ಒಂದು ದೊಡ್ಡ ಮನಸ್ಸು ಬೇಕು.

ಆಫೀಸಿನ ಪರದೆಯ ಮೇಲೆ ಹನ್ನೆರಡು ಅಂಕಿಗಳೂ ಕೆಂಪಾಗಿ, ಅಡ್ಡಗೆರೆಗಳಾಗಿ, ಕುಂಯ್ ಎಂದವು. ಪೆಟ್ಟಿಗೆಗಳೊಳಗೆ ಬಿಸಿಗೇನೂ ತೊಂದರೆಯಿಲ್ಲ, ಅದು ಅವುಗಳ ಪಾಡಿಗೆ ಸರಿಯಾಗಿಯೇ ಇತ್ತು. ಸುದ್ದಿ ಮಾತ್ರ ಬರುತ್ತಿಲ್ಲ. ಅಕೌಂಟೆಂಟರು ಉಗ್ರಾಣಕ್ಕೆ ಫೋನ್ ಮಾಡಿದರು.

“ರೀ, ನಿಮ್ಮ ಲೈನು ಸತ್ತೋಯ್ತು! ಓಡಿ ಬನ್ನಿ!”

ಭಾವ ಗಾಬರಿಯಿಂದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಮುಚ್ಚಿದೊಡನೆ ಅದು ನಿದ್ದೆ ಹೋಗುತ್ತದೆ, ಪ್ರಶ್ನೆ ಕೇಳುವುದು ನಿಲ್ಲುತ್ತದೆ. ಆಮೇಲೆ ಆಫೀಸಿನ ಮಾಸ್ಟರ್ ಹನ್ನೆರಡನ್ನೂ ಮತ್ತೆ ಒಂದೊಂದಾಗಿ ವಿಚಾರಿಸಿ ಮುಗಿಸಲು ಸ್ವಲ್ಪ ಹೊತ್ತು ಬೇಕು. ಹಾಲಿನ ಉದ್ದಕ್ಕೂ ಓಡಿ, ಏದುಸಿರು ಬಿಡುತ್ತ ಅವರು ಆಫೀಸಿನೊಳಗೆ ಕಾಲಿಡುವುದಕ್ಕೂ ಪರದೆ ಹಸಿರಾಗುವುದಕ್ಕೂ ಸರಿಹೋಯಿತು.

“ಏನಾಗಿತ್ತು?”

“ನೀವು ಬರೋ ತನಕ ಕೆಂಪಗಿತ್ತು” ಎಂದು ಅಕೌಂಟೆಂಟರು ಪರದೆಯನ್ನೂ ಭಾವನನ್ನೂ ಸರದಿಯ ಮೇಲೆ ನೋಡಿದರು.

ಆ ರಾತ್ರಿ ಭಾವನಿಗೆ ನಿದ್ದೆ ಹತ್ತಲಿಲ್ಲ. ಲೈನಿನಲ್ಲಿ ದೋಷವಿದೆ, ತಾನು ಹೆದರಿದ್ದೇ ನಿಜವಾಯಿತು! ಈಗ ಇನ್ನೂ ಎಚ್ಚರಿಕೆಯಿಂದ ಪರೀಕ್ಷಿಸಬೇಕು. ಮರುದಿನ ಹೆಚ್ಚು ಹೊತ್ತು ಪರೀಕ್ಷಿಸಿದರು, ಲೈನು ಹೆಚ್ಚು ಹೊತ್ತು ಸತ್ತಿತು. ಫೋನ್ ಬಂತು, ಮುಚ್ಚಳ ಮುಚ್ಚಿ ಓಡಿದರು, ಕಾಲಿಟ್ಟರು, ಹಸಿರಾಯಿತು. ಸ್ಕ್ರೂ ಬಿಗಿ ಮಾಡಿದರು, ತಂತಿ ಬದಲಿಸಿದರು, ಎಲ್ಲವೂ ಸರಿಯಿದ್ದದ್ದಕ್ಕೆ ಮತ್ತಷ್ಟು ಹೆದರಿದರು. ನಾಲ್ಕನೇ ಸಲ ಹೀಗಾದಾಗ ಅಕೌಂಟೆಂಟರು ಲೆಕ್ಕ ಬಲ್ಲವರಾದ್ದರಿಂದ ಒಂದು ತೀರ್ಮಾನಕ್ಕೆ ಬಂದರು.

“ಮೇಡಂ, ಇವರು ಏನೂ ಮುಟ್ಟಲ್ಲ. ಬರ್ತಾರೆ, ಹೊಸಿಲು ದಾಟ್ತಾರೆ, ಸರಿಹೋಗುತ್ತೆ. ಇದು ಕಾಲ್ಗುಣ.”

“ಅಯ್ಯೋ, ಹಾಗೆಲ್ಲ ಏನಿಲ್ಲ” ಎಂದರು ಭಾವ.

“ಇದ್ದವರು ಇದೆ ಅಂತ ಹೇಳ್ಕೊಳ್ಳಲ್ಲ, ನೋಡಿ” ಎಂದರು ಅಕೌಂಟೆಂಟರು.

ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡುವ ವಿಭಾಗದ ಅಕ್ಕಂದಿರು ಈ ಮಾತನ್ನು ಅಂದೇ ಊರಿಗೆ ಹಂಚಿದರು. ಸಂಜೆ ನಾವು ಮನೆ ಮುಟ್ಟುವಷ್ಟರಲ್ಲಿ ಕೆಳಮನೆಯ ಟೈಲರಮ್ಮ ಮೆಟ್ಟಿಲಲ್ಲಿ ಕಾಯುತ್ತಿದ್ದರು.

“ಅಣ್ಣಾ, ಮಿಷನ್ನು ದಾರ ಕಡೀತಿದೆ. ಒಂದ್ ಗಳಿಗೆ ಬಂದು ನಿಂತ್ಕೊಳ್ಳಿ.”

“ತನ್ನಿ, ಬಿಚ್ಚಿ ನೋಡ್ತೀನಿ” ಎಂದು ಭಾವ ಸ್ಕ್ರೂಡ್ರೈವರ್ ತೆಗೆದರು.

“ಬಿಚ್ಚೋದು ಬೇಡಣ್ಣ! ಬಿಚ್ಚೋರು ಬೀದಿಗೊಬ್ಬರಿದಾರೆ. ನೀವು ಸುಮ್ನೆ ನಿಂತ್ಕೊಳ್ಳಿ ಸಾಕು.”

ಭಾವ ನಿಂತರು. ಟೈಲರಮ್ಮ ದಾರ ತೆಗೆದು ಹೊಸದಾಗಿ ಪೋಣಿಸಿ ತುಳಿದರು. ಕಡಿಯಲಿಲ್ಲ. “ನೋಡಿದ್ರಾ!” ಎಂದು ಕೂಗಿದ್ದು ಮೂರು ಮಹಡಿಗೂ ಕೇಳಿಸಿತು. ಮೇಲಿನ ನಿವೃತ್ತ ಡ್ರಾಯಿಂಗ್ ಮೇಷ್ಟರು ತಮ್ಮ ನೀರಿನ ಪಂಪಿನ ಬಳಿ ನಿಲ್ಲಲು ಕರೆದರು. ಬಸ್ ಡ್ರೈವರು ಸ್ಕೂಟರಿನ ಬಳಿಗೆ. ಪಕ್ಕದ ಕಟ್ಟಡದವರು ತಮ್ಮ ಲಿಫ್ಟಿನಲ್ಲಿ ಒಮ್ಮೆ ಹತ್ತಿ ಇಳಿಯಬೇಕೆಂದು ಬೇಡಿಕೊಂಡರು. ನಮ್ಮಮ್ಮನಂತೂ ಅಳಿಯನನ್ನು ಕೈಹಿಡಿದು ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದಳು. ಚಿಕ್ಕಪ್ಪನ ಕಿವಿಯ ಯಂತ್ರ ವರ್ಷದಿಂದ ಕೆಲಸ ಮಾಡುತ್ತಿರಲಿಲ್ಲ. ಭಾವ ಒಳಗೆ ಬಂದು, “ಅದರ ಬಟನ್ನು ಆಫಲ್ಲಿದೆ ಅನ್ಸುತ್ತೆ” ಎಂದರು. ಚಿಕ್ಕಮ್ಮ ಅದನ್ನು ಆನ್ ಮಾಡಿದಳು. ಚಿಕ್ಕಪ್ಪ, “ಯಾರಪ್ಪಾ ಅದು ಹೀಗೆ ಕಿರುಚೋದು?” ಎಂದರು. ಬಟನ್ನಿನ ವಿಷಯ ಯಾರಿಗೂ ನೆನಪುಳಿಯಲಿಲ್ಲ. ಅಳಿಯಂದಿರು ಬಂದರು, ಕಿವಿ ಬಂತು ಎಂದಷ್ಟೇ ಉಳಿಯಿತು.

ನಂಬದವಳು ನಮ್ಮಕ್ಕ ಒಬ್ಬಳೇ. “ನನ್ನ ಮಿಕ್ಸಿ ಮದುವೆ ಆದಾಗಿನಿಂದ ಇವರ ಕಣ್ಮುಂದೇ ಇದೆ. ಕೆಟ್ಟೇ ಇದೆ” ಎಂದಳು.

“ಮನೆ ಮಿಕ್ಸಿಗೆ ಬೆಲೆ ಗೊತ್ತಾಗಲ್ಲ” ಎಂದಳು ಅಮ್ಮ.

ಭಾವ ಇದಕ್ಕೆಲ್ಲ ಉಬ್ಬಲಿಲ್ಲ, ಅದೇ ಅವರ ಹಿರಿಮೆ. ರಾತ್ರಿ ಊಟಕ್ಕೆ ಕೂತಾಗಲೂ ಒಂದೇ ಮಾತು: “ಗಿರಾಕಿ ಬಂದಾಗ ಲೈನು ಸತ್ತರೆ ಏನ್ ಗತಿ?”

ಆ ದಿನ ಬಂದೇ ಬಂತು. ಮೇಡಂ ಮುಂಜಾನೆಯೇ ಅಪ್ಪಣೆ ಮಾಡಿದರು. “ಇವತ್ತು ನೀವೆಲ್ಲೂ ಹೋಗೋದು ಬೇಡ. ಪರದೆ ಮುಂದೆ ಕುರ್ಚಿ ಹಾಕ್ಸಿದೀನಿ. ಕೂತಿರಿ, ಅಷ್ಟೇ.” ಇಡೀ ದಿನ ಆಫೀಸಿನಲ್ಲಿ ಕೂತರೆ ಲೈನನ್ನು ಪರೀಕ್ಷಿಸುವವರು ಯಾರು? ಭಾವ ಯೋಚಿಸಿದರು. ಉಗ್ರಾಣಕ್ಕೆ ಹೋಗಿ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದರು, ನಿದ್ದೆ ಹೋಗದಂತೆ ಏರ್ಪಾಡು ಮಾಡಿದರು, ಮುಚ್ಚಳ ಅಗಲವಾಗಿ ತೆರೆದಿಟ್ಟರು. ತಾನಿಲ್ಲದಾಗಲೂ ಪರೀಕ್ಷೆ ನಿಲ್ಲಬಾರದು! ಆಮೇಲೆ ಬಂದು ಕುರ್ಚಿಯಲ್ಲಿ ಕೂತರು.

ಪರದೆ ಕೆಂಪಾಗಿತ್ತು.

“ಇರ್ಲಿ, ಈಗ ತಾನೆ ಬಂದಿದೀರಿ” ಎಂದರು ಅಕೌಂಟೆಂಟರು. ಕಾದರು. ಕೆಂಪು. “ಕೂತಿದ್ದಕ್ಕೇನೋ. ಎದ್ದು ನಿಂತ್ಕೊಳ್ಳಿ.” ಕೆಂಪು. “ಹೊರಗೆ ಹೋಗಿ ಬನ್ನಿ.” ಹೋಗಿ ಬಂದರು. “ಹಾಗಲ್ಲ, ದಿನಾ ಓಡಿ ಬರ್ತಿದ್ರಿ. ಓಡಿ ಬನ್ನಿ.” ಓಡಿ ಬಂದರು. “ಏದುಸಿರು ಸಾಲ್ದು! ಹಾಲಿನ ಆ ಕಡೆಯಿಂದ ಬನ್ನಿ.”

ಗಿರಾಕಿ ಬಂದದ್ದು ಆಗಲೇ. ಇಸ್ತ್ರಿ ಮಾಡಿದ ಕೋಟಿನ ಗಂಭೀರ ಮನುಷ್ಯ. ಅವರು ಮೇಡಂ ಜೊತೆ ಬಾಗಿಲಿಗೆ ಬರುವುದಕ್ಕೂ ಭಾವ ಅವರನ್ನು ತಳ್ಳಿಕೊಂಡೇ ಒಳಗೆ ನುಗ್ಗಿ, “ಈಗ?” ಎಂದು ಕೇಳುವುದಕ್ಕೂ ಸರಿಯಾಯಿತು.

“ಕೆಂಪು” ಎಂದರು ಅಕೌಂಟೆಂಟರು. ಭಾವ ತಿರುಗಿ ಹೊರಗೋಡಿದರು.

“ಇವರು ಯಾರು?” ಎಂದರು ಗಿರಾಕಿ.

“ನಮ್ಮ ಎಲೆಕ್ಟ್ರಿಷಿಯನ್” ಎಂದರು ಮೇಡಂ.

“ಏನ್ ಮಾಡ್ತಿದಾರೆ?”

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಭಾವ ಮತ್ತೊಮ್ಮೆ ಓಡಿ ಬಂದರು. ನಾನು ಡಬ್ಬಗಳನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. ಈಗ ಮೇಡಂ ಒಂದು ಕಡೆಯಿಂದ, “ಎಂಟನೇ ಪೆಟ್ಟಿಗೆ ಬಿಸಿ ಎಷ್ಟ್ರೀ?” ಎಂದರು. ಅದೇ ಉಸಿರಿಗೆ ಅಕೌಂಟೆಂಟರು ಇನ್ನೊಂದು ಕಡೆಯಿಂದ, “ಎಡಗಾಲಿಟ್ರಾ ಬಲಗಾಲಿಟ್ರಾ?” ಎಂದರು. ಭಾವ ಇತ್ತ ತಿರುಗಿದರು, ಅತ್ತ ತಿರುಗಿದರು. “ಎಂಟನೇ ಕಾಲು...” ಎಂದರು. ಇಬ್ಬರೂ ಮತ್ತೆ ಒಟ್ಟಿಗೆ ಕೇಳಿದರು. ಭಾವ ಜೀವಮಾನದಲ್ಲಿ ಮೊದಲ ಬಾರಿಗೆ ದನಿ ಎತ್ತಿದರು.

“ಇಬ್ಬರೂ ಒಟ್ಟಿಗೆ ಕೇಳಿದ್ರೆ ನಾನು ಯಾರಿಗೆ ಅಂತ ಹೇಳ್ಲಿ!”

ಆಮೇಲೆ ಅವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಕಣ್ಣು ದೊಡ್ಡದಾಯಿತು. “ಇಬ್ಬರು...” ಎಂದರು ಮೆಲ್ಲಗೆ. “ಅಯ್ಯಯ್ಯೋ, ಇಬ್ಬರು!” ಎನ್ನುತ್ತ ಹೊರಗೆ ಧಾವಿಸಿದರು. ಈ ಸಲ ಓಡಿದ ಓಟಕ್ಕೆ ಮೊಟ್ಟೆ ವಿಭಾಗದ ಅಕ್ಕಂದಿರು ಟ್ರೇಗಳನ್ನು ತಬ್ಬಿ ಗೋಡೆಗೆ ಒರಗಿದರು.

ಸ್ವಲ್ಪ ಹೊತ್ತಿಗೆ ಪರದೆ ಹಸಿರಾಯಿತು. ಹನ್ನೆರಡೂ ಅಂಕಿಗಳು ಸಾಲಾಗಿ.

ಅಕೌಂಟೆಂಟರು ಗೊಂದಲಕ್ಕೆ ಬಿದ್ದರು. “ಹಾಗಾದ್ರೆ ಇವರು ಬಂದ್ರೆ ಸರಿಹೋಗೋದಲ್ಲ, ಹೋದ್ರೆ ಸರಿಹೋಗೋದು! ಮೇಡಂ, ಬಾಗ್ಲು ಹಾಕ್ಲಾ?”

ಅಷ್ಟರಲ್ಲಿ ಭಾವ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದರು. ಮುಖ ಬಿಳಿಚಿತ್ತು. ನಾನು ಬಾಗಿಲಿನಿಂದ, ಬೇಡ ಬೇಡ, ಹಸಿರಾಗಿದೆ, ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಭಾವ ನನ್ನತ್ತ ನೋಡಲೇ ಇಲ್ಲ.

“ಮೇಡಂ, ಲೈನು ಸರಿಯಾಗೇ ಇತ್ತು. ಮೊದಲನೇ ದಿನದಿಂದ್ಲೂ ಸರಿಯಾಗೇ ಇತ್ತು. ಅದು ಸರಿ ಇದೆಯಾ ಅಂತ ನೋಡೋಕೆ ಹೋಗಿ ನಾನೇ ಕೆಡಿಸ್ತಿದ್ದೆ. ಇದನ್ನ ಸಿಕ್ಕಿಸಿದಾಗ ಇದೂ ಒಂದು ಮಾಸ್ಟರ್ ಆಗ್ಬಿಡ್ತಿತ್ತು.”

“ದೊಡ್ಡ ಮನುಷ್ಯರು ಹೀಗೇ ಹೇಳೋದು” ಎಂದು ಅಕೌಂಟೆಂಟರು ಗಿರಾಕಿಗೆ ಪಿಸುಗುಟ್ಟಿದರು.

ಗಿರಾಕಿ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತರು. ಹಿಂದಿನ ದಿನಗಳ ಬಿಸಿಯ ಗೆರೆಗಳನ್ನು ತೆರೆಸಿದರು. ಗೆರೆ ಅಲ್ಲಲ್ಲಿ ತುಂಡಾಗಿತ್ತು.

“ಈ ಖಾಲಿ ಜಾಗ?”

“ನಾನು ಸಾರ್” ಎಂದರು ಭಾವ.

“ಇದು?”

“ಅದೂ ನಾನೇ.”

“ಈ ದೊಡ್ಡದು?”

“ಅವತ್ತು ಸ್ವಲ್ಪ ಜಾಸ್ತಿ ಅನುಮಾನ ಬಂದಿತ್ತು ಸಾರ್.”

“ಇದು?”

ಭಾವ ಬಗ್ಗಿ ನೋಡಿದರು. “ಅದು ನಾನಲ್ಲ. ಅವತ್ತು ಕರೆಂಟ್ ಹೋಗಿತ್ತು.” ಮತ್ತೆ ಸ್ವಲ್ಪ ಯೋಚಿಸಿ, “ಅದರ ಪಕ್ಕದ ಸಣ್ಣದು ನಾನು” ಎಂದು ಸೇರಿಸಿದರು. ಅದನ್ನು ಯಾರೂ ಕೇಳಿಯೇ ಇರಲಿಲ್ಲ!

ಗಿರಾಕಿ ಕನ್ನಡಕ ತೆಗೆದರು. ಖಾಲಿ ಜಾಗದ ಮುಂಚೆಯೂ ಆಮೇಲೂ ಬಿಸಿ ಒಂದು ಕೂದಲಿನಷ್ಟೂ ಅಲುಗಿಲ್ಲವೆಂದು ಅವರೇ ತೋರಿಸಿದರು. ಅಕೌಂಟೆಂಟರ ಕಡೆ ತಿರುಗಿ, “ನಮ್ಮ ಫಾರಮ್ಮಲ್ಲೂ ಇದೇ ಥರ ಲೈನಿದೆ. ಇದು ವಿಜ್ಞಾನ. ಕಾಲ್ಗುಣ ಗೀಲ್ಗುಣ ಅಂತ ಓದಿದವರು ಮಾತಾಡಬಾರದು” ಎಂದು ಬುದ್ಧಿ ಹೇಳಿದರು. ಅಕೌಂಟೆಂಟರು ತಲೆ ತಗ್ಗಿಸಿದರು. “ಮರಿ ನಾನು ತಗೊಳ್ತೀನಿ. ಇವರನ್ನ ಏನ್ ಮಾಡ್ತೀರೋ ಅದು ನಿಮಗೆ ಬಿಟ್ಟಿದ್ದು” ಎಂದು ಎದ್ದರು.

ಭಾವ ಮೇಡಂ ಮುಖ ನೋಡಿದರು. ಮೇಡಂ ಮುಖದಲ್ಲಿ ಒಂದು ಅಕ್ಷರವೂ ಓದಲು ಸಿಗಲಿಲ್ಲ. “ಅವರ ಕಾರು ಗೇಟು ದಾಟ್ಲಿ. ಆಮೇಲೆ ಹೇಳ್ತೀನಿ” ಎಂದರು.

ಎಲ್ಲರೂ ಅಂಗಳಕ್ಕೆ ಬಂದು ನಿಂತೆವು. ಗಿರಾಕಿ ಕಾರಿನೊಳಗೆ ಕೂತು ಕೀ ತಿರುಗಿಸಿದರು. ಕಾರು ಕೆಮ್ಮಿತು. ಮತ್ತೆ ತಿರುಗಿಸಿದರು. ಮತ್ತೆ ಕೆಮ್ಮಿ ಸುಮ್ಮನಾಯಿತು. ಭಾವ ಗೇಟನ್ನೇ ನೋಡುತ್ತಿದ್ದರು. ಅಲ್ಲಿಗೂ ಕಾರಿಗೂ ನಡುವೆ ಇದ್ದ ಜಲ್ಲಿಯ ದಾರಿ ಆ ಹೊತ್ತಿಗೆ ಅವರಿಗೆ ಎಷ್ಟು ಉದ್ದ ಕಂಡಿತೋ.

ಗಿರಾಕಿ ಕಿಟಕಿಯ ಗಾಜು ಅರ್ಧ ಇಳಿಸಿ, ಅಕೌಂಟೆಂಟರಿಗೆ ಕೇಳಿಸದಂತೆ ದನಿ ತಗ್ಗಿಸಿ, ಭಾವನನ್ನು ಕರೆದರು.

“ಸ್ವಾಮಿ, ತಪ್ಪು ತಿಳ್ಕೋಬೇಡಿ. ಒಂದ್ ನಿಮಿಷ ಈ ಕಡೆ ಬಂದು ನಿಂತ್ಕೊಳ್ತೀರಾ?”

ಭಾವ ಬಂದು ಬಾನೆಟ್ಟಿನ ಪಕ್ಕ ನಿಂತರು. ಗಿರಾಕಿ ಕೀ ತಿರುಗಿಸಿದರು. ಕಾರು ಗುರ್ರೆಂದು ಹೊತ್ತಿಕೊಂಡಿತು! ಅಕೌಂಟೆಂಟರು ಎರಡೂ ಕೈ ಮೇಲೆತ್ತಿದರು. ಮೊಟ್ಟೆ ವಿಭಾಗದ ಕಿಟಕಿಯಿಂದ ಶಿಳ್ಳೆ ಬಂತು. ಗಿರಾಕಿ ಯಾರ ಮುಖವನ್ನೂ ನೋಡದೆ ಗೇರು ಹಾಕಿದರು. ಗೇಟು ತೆರೆದೇ ಇತ್ತು. ಇನ್ನೊಂದು ಗಳಿಗೆಯಲ್ಲಿ ಎಲ್ಲ ಮುಗಿದು ಹೋಗುತ್ತಿತ್ತು.

“ಸಾರ್, ಒಂದ್ ನಿಮಿಷ” ಎಂದರು ಭಾವ. “ನಿಜವಾಗ್ಲೂ ಸರಿಹೋಯ್ತಾ ಅಂತ ಒಂದ್ ಸಲ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿಬಿಡಿ. ದಾರೀಲಿ ತೊಂದ್ರೆ ಆಗ್ಬಾರ್ದು.”

ಗಿರಾಕಿ ಆಫ್ ಮಾಡಿದರು.

ಅದು ಮತ್ತೆ ಹೊತ್ತಲಿಲ್ಲ. ಭಾವ ಎಡಕ್ಕೆ ನಿಂತರು, ಬಲಕ್ಕೆ ನಿಂತರು, ಹಾಲಿನಿಂದ ಓಡಿಯೂ ಬಂದರು. ಕೊನೆಗೆ ಎಲ್ಲರೂ ಸೇರಿ ತಳ್ಳಿದೆವು. ಅಕೌಂಟೆಂಟರು, ನಾನು, ಟ್ರೇ ಇಳಿಸಿ ಬಂದ ಅಕ್ಕಂದಿರು, ಸೆರಗು ಸಿಕ್ಕಿಸಿಕೊಂಡ ಮೇಡಂ. ಅವರ ಪಕ್ಕದಲ್ಲೇ ಭಾವ, ಎಲ್ಲರಿಗಿಂತ ಹೆಚ್ಚು ಬಗ್ಗಿ, ಎಲ್ಲರಿಗಿಂತ ಹೆಚ್ಚು ಬೆವರಿ. ಗೇಟಿನ ಕಂಬಗಳ ನಡುವೆ ಬಂದಾಗ ಕಾರು ಒಮ್ಮೆ ಸೀನಿ, ಹೊತ್ತಿಕೊಂಡು, ನಮ್ಮ ಮುಖಕ್ಕೆ ಹೊಗೆ ಉಗುಳಿ ರಸ್ತೆಗಿಳಿಯಿತು. ಈ ಸಲ ಗಿರಾಕಿ ಕಿಟಕಿಯ ಗಾಜು ಏರಿಸಿಕೊಂಡಿದ್ದರು. ಭಾವ ಕೈ ಬೀಸಿ ಏನೋ ಹೇಳಿದರು, ಅವರು ಜಾಣರು, ನಿಲ್ಲಿಸಲಿಲ್ಲ.

ಮೇಡಂ ಅಂಗೈಯ ಧೂಳು ಕೊಡವಿಕೊಂಡರು. “ತಪ್ಪನ್ನ ಕೇಳೋ ಮುಂಚೆ ಹೇಳೋ ಮನುಷ್ಯ ನನ್ನ ಹತ್ರ ಇನ್ನೊಬ್ರಿಲ್ಲ” ಎಂದರು, ಯಾರಿಗೋ ಹೇಳುವಂತೆ. ಆಮೇಲೆ ಭಾವನ ಕಡೆ ತಿರುಗಿದರು. “ನಾಳೆಯಿಂದ ನಿಮ್ಮ ಕೆಲಸ ಖಾಯಂ. ಆ ಲ್ಯಾಪ್‌ಟಾಪು ಮಾತ್ರ ಮನೇಲಿರ್ಲಿ.”

ಭಾವನ ಕಣ್ಣು ತುಂಬಿತು. ನನ್ನದೂ. ಅವರು ಕೈಮುಗಿದರು, ಕೈ ಇಳಿಸಿದರು, ಒಂದು ಹೆಜ್ಜೆ ಮುಂದೆ ಬಂದು ಮೆಲ್ಲಗೆ ಕೇಳಿದರು.

“ಮೇಡಂ, ಇನ್ನೊಂದ್ ಸಲ ಹೇಳ್ತೀರಾ?”